ಅಷ್ಟಗ್ರಹದ ದಿನದ ಬೆಳ್ಳಿ ನೀರು

೧೯೬೨ನೇ ಇಸವಿ ಫೆಬ್ರವರಿ ಮೂರನೇ ತಾರೀಕು, ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹಯಗ್ರೀವ ತನ್ನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಲೋಕ ಇನ್ನೂ ಮುಳುಗಿಲ್ಲವಲ್ಲ ಎಂದು ಮನಸ್ಸಿನಲ್ಲೇ ನಗುತ್ತಿದ್ದ.

ಆ ಸಂಜೆ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡುತ್ತವೆ, ಕೂಡಿದ ಮೇಲೆ ಭೂಮಿಗೆ ಉಳಿಗಾಲವಿಲ್ಲ ಎಂಬ ಸುದ್ದಿ ಒಂದು ತಿಂಗಳಿನಿಂದ ಉಡುಪಿಯ ಪೇಟೆಯಲ್ಲೆಲ್ಲ ಓಡಾಡುತ್ತಿತ್ತು. ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಗಳ ಹಯಗ್ರೀವನ ಮನೆಯದು. ಆದ್ದರಿಂದ ಶಾಂತಿ ಹೋಮ ಅಲ್ಲೇ ಆಗಲೆಂದು ಅವನ ತಾಯಿ ಮನೋರಮಮ್ಮ ಒಪ್ಪಿಬಿಟ್ಟಿದ್ದರು. ಹೋಮಕ್ಕೆ ಕುಳಿತವರು ಅವನ ದೊಡ್ಡಪ್ಪನ ಮಗ ರಘುಪತಿ ಭಟ್ಟರು. ಸುತ್ತ ನಲವತ್ತು ಮಂದಿ ಕುಳಿತಿದ್ದರು. ಹೊಗೆ ತೆಂಗಿನ ಗರಿಗಳ ನಡುವಿನಿಂದ ಮೇಲೇರುತ್ತಿತ್ತು.

ಮಣಿಪಾಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಹಯಗ್ರೀವ ಈ ಒಂದು ತಿಂಗಳಲ್ಲಿ ಸುಮ್ಮನೆ ಕೂತವನಲ್ಲ. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕ್ಷೌರಿಕನ ಕುರ್ಚಿಯಲ್ಲಿ ಕೂಡ ಗ್ರಹಗಳ ದೂರ ಎಷ್ಟು ಲಕ್ಷ ಮೈಲಿ ಎಂದು ಲೆಕ್ಕ ಒಪ್ಪಿಸಿದ್ದ. ಕೊನೆಗೆ ಮಾತಿನ ಭರದಲ್ಲಿ ರಘುಪತಿ ಭಟ್ಟರಿಗೆ ಒಂದು ಸವಾಲನ್ನೂ ಹಾಕಿದ್ದ. ಆ ದಿನ ಈ ಬೀದಿಯಲ್ಲಿ ತೆಂಗಿನಕಾಯಿಗಿಂತ ದೊಡ್ಡದು ಏನಾದರೂ ಒಡೆದರೆ, ತಾನು ಪಂಚೆ ಉಟ್ಟು ಹೋಮಕುಂಡದ ಮುಂದೆ ಕುಳಿತು ಕತ್ತಲಾಗುವವರೆಗೆ ತುಪ್ಪ ಹೊಯ್ಯುತ್ತೇನೆ. ಒಡೆಯದಿದ್ದರೆ ಭಟ್ಟರು ತನ್ನ ಕಾಲೇಜಿಗೆ ಬಂದು ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಒಂದು ಪಾಠ ಕೇಳಬೇಕು. ಭಟ್ಟರು ಸಾಕ್ಷಿಗಳ ಮುಂದೆ ಆ ಮಾತನ್ನು ಎರಡು ಸಲ ಹೇಳಿಸಿಕೊಂಡಿದ್ದರು.

ಆ ಹೊತ್ತಿಗೆ ಕಾಪುವಿನಿಂದ ಎಡ್ಮಂಡ್ ಬಂದ. ಅವನು ಅಲ್ಲಿಯ ಶಾಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರು, ಹಯಗ್ರೀವನಿಗೆ ಕಾಲೇಜಿನ ದಿನಗಳ ಗೆಳೆಯ. ಇಬ್ಬರೂ ಸೇರಿ ನಾಲ್ಕು ತಿಂಗಳಿನಿಂದ ಒಂದು ದೂರದರ್ಶಕ ಕಟ್ಟುತ್ತಿದ್ದರು. ದಪ್ಪ ಗಾಜಿನ ಬಿಲ್ಲೆಯೊಂದನ್ನು ಸರದಿಯಲ್ಲಿ ತಿಕ್ಕಿ ತಿಕ್ಕಿ ಬಟ್ಟಲಿನಂತೆ ತಗ್ಗು ಮಾಡಿ, ಮೊನ್ನೆ ಗುರುವಾರ ಹಯಗ್ರೀವ ತನ್ನ ಬಚ್ಚಲಿನಲ್ಲಿ ಅದಕ್ಕೆ ಬೆಳ್ಳಿಯ ಲೇಪ ಕೊಟ್ಟಿದ್ದ. ಆ ಹೊಳಪು ಕಂಡದ್ದೇ ತಡ, ಅವನಿಗೆ ಒಂದು ನಿಮಿಷವೂ ತಡೆಯಲಾಗಲಿಲ್ಲ. ಕನ್ನಡಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಸಿಕ್ಕಿದ ಬಸ್ಸು ಹತ್ತಿ ಕಾಪುವಿಗೆ ಓಡಿದ್ದ.

ಎಡ್ಮಂಡ್ ಜಗಲಿಯಲ್ಲಿ ಕುಳಿತು ಬೆವರು ಒರೆಸಿಕೊಂಡ. ಕನ್ನಡಿ ಚೆನ್ನಾಗಿ ಉಂಟು, ಸೆಲೀನ್ ಅದರಲ್ಲಿ ಮುಖ ನೋಡಿ ಹೆದರಿದಳು ಎಂದು ಹೆಂಡತಿಯ ಸುದ್ದಿ ಹೇಳಿದ. ಆಮೇಲೆ ಹೋಮದ ಹೊಗೆಯನ್ನು ನೋಡುತ್ತಾ, ಏನೋ ನೆನಪಾದವನಂತೆ ಕೇಳಿದ.

“ಮೊನ್ನೆ ಉಳಿದ ನೀರು ಎಂತ ಮಾಡಿದಿ ನೀನು?”

ಹಯಗ್ರೀವ ಚಾಚಿದ ಕಾಲನ್ನು ಮಡಚಿದ.

ಆ ನೀರಿನ ಸ್ವಭಾವವನ್ನು ಅವನು ಪ್ರತಿ ವರ್ಷ ಹುಡುಗರಿಗೆ ಕಲಿಸುತ್ತಿದ್ದ. ಬೆಳ್ಳಿಯ ಲೇಪ ಕೊಟ್ಟು ಉಳಿದ ದ್ರಾವಣವನ್ನು ಅದೇ ಗಂಟೆಯಲ್ಲಿ ಆಮ್ಲ ಹಾಕಿ ಕೆಡಿಸಿ, ಧಾರಾಳ ನೀರಿನೊಂದಿಗೆ ಚೆಲ್ಲಬೇಕು. ನಾಳೆಗೆಂದು ಇಡಬಾರದು. ಇಟ್ಟರೆ ಅದರೊಳಗೆ ಕಪ್ಪು ಪದಾರ್ಥವೊಂದು ಕಟ್ಟಿಕೊಳ್ಳುತ್ತದೆ. ಕಟ್ಟಿದ ಮೇಲೆ ಅದು ಸಿಡಿಯಲು ಬೆಂಕಿಯೇ ಬೇಕೆಂದಿಲ್ಲ, ಬಾಟಲಿ ಅಲುಗಿದರೂ ಸಾಕು. ಇದನ್ನು ಹೇಳುವಾಗ ಅವನು ಬೋರ್ಡಿನ ಮೇಲೆ ಎರಡು ಗೆರೆ ಬೇರೆ ಎಳೆಯುತ್ತಿದ್ದ.

ಮನೋರಮಮ್ಮ ಅಡಿಗೆಮನೆಯಲ್ಲಿ ಮಡಿಯುಟ್ಟು ಪಾಯಸ ಕೈಯಾಡಿಸುತ್ತಿದ್ದರು. ಹಯಗ್ರೀವ ಬಾಗಿಲ ಹೊರಗೇ ನಿಂತು, ಬಚ್ಚಲಿನಲ್ಲಿದ್ದ ಪಿಂಗಾಣಿ ಬೋಗುಣಿಯ ನೀರು ಎಲ್ಲಿ ಎಂದು ಆದಷ್ಟು ಸಾಧಾರಣ ದನಿಯಲ್ಲಿ ಕೇಳಿದ.

“ಬೆಳ್ಳಿ ನೀರಾ? ಅದು ದೇವರ ಕೋಣೆಯಲ್ಲಿ ಉಂಟು,” ಎಂದರು ಅವರು. “ನೀನು ಹಾಗೇ ಬಿಟ್ಟು ಓಡಿದಿ. ಬೆಳ್ಳಿ ಅಂದರೆ ಲಕ್ಷ್ಮಿ. ಬಚ್ಚಲಿಗೆ ಚೆಲ್ಲಲಿಕ್ಕೆ ನನಗೆ ಕೈ ಬರಲಿಲ್ಲ. ಪನ್ನೀರಿನ ಬಾಟಲಿಗೆ ಹಾಕಿ ಗೂಡಿನಲ್ಲಿ ಇಟ್ಟಿದ್ದೇನೆ.”

ತಪ್ಪು ಅವರದಲ್ಲ. ಹೋದ ವರ್ಷ ಹಯಗ್ರೀವ ಇದೇ ಬಚ್ಚಲಿನಲ್ಲಿ ಆಮ್ಲ ಚೆಲ್ಲಿ, ಒಣಗಲು ಹಾಕಿದ್ದ ಅವರ ಮಡಿಸೀರೆಯಲ್ಲಿ ಏಳು ತೂತು ಮಾಡಿದ್ದ. ಅಂದಿನಿಂದ ಮನೆಯೊಳಗೆ ಅವನ ಔಷಧಗಳಿಗೆ ನಿಷೇಧ. ಗುರುವಾರ ಇದೆಂತ ಎಂದು ಅವರು ಕೇಳಿದಾಗ, ಹೌದು, ಇದು ಅಪಾಯದ್ದು ಎಂದಿದ್ದರೆ ಕನ್ನಡಿಯ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಅವನು, “ಎಂತದೂ ಇಲ್ಲ ಅಮ್ಮ, ಬೆಳ್ಳಿ ನೀರು ಅಷ್ಟೆ,” ಎಂದಿದ್ದ. ಅವರು ನಂಬಿದ್ದರು.

ದೇವರ ಕೋಣೆಯ ಬಾಗಿಲಿನಿಂದ ಅವನೂ ಎಡ್ಮಂಡನೂ ಇಣುಕಿ ನೋಡಿದರು. ಗೂಡಿನಲ್ಲಿ ಅರಸಿನ ಕುಂಕುಮದ ಬಟ್ಟಲುಗಳ ಪಕ್ಕ ಬಾಟಲಿ ಕುಳಿತಿತ್ತು, ಕೊರಳಿಗೆ ಒಂದು ಸುತ್ತು ಮಲ್ಲಿಗೆ ಬೇರೆ. ತಳದಲ್ಲಿ ಕರಿ ಗಸಿ, ಬಿರಡೆಯ ಸುತ್ತ ಒಣಗಿದ ಕಪ್ಪು ಪೊರೆ.

“ಮುಟ್ಟುವುದು ಬೇಡ,” ಎಂದ ಎಡ್ಮಂಡ್.

ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಆದರೆ ಪೂರ್ಣಾಹುತಿ ಮುಗಿದೊಡನೆ ನಲವತ್ತು ಮಂದಿಯೂ ಮಂಗಳಾರತಿಗೆಂದು ಈ ಕೋಣೆಗೇ ನುಗ್ಗುವವರು. ಹಯಗ್ರೀವ ನೇರವಾಗಿ ರಘುಪತಿ ಭಟ್ಟರ ಬಳಿಗೆ ಹೋಗಿ, ಒಳಗೆ ಸಿಡಿಯುವ ವಸ್ತು ಉಂಟು, ಎಲ್ಲರನ್ನೂ ಎಬ್ಬಿಸಿ ದೂರ ಕಳುಹಿಸಿ ಎಂದು ಕಿವಿಯಲ್ಲಿ ಹೇಳಿದ. ಭಟ್ಟರು ಸೌಟನ್ನು ಕೆಳಗಿಡಲೂ ಇಲ್ಲ. ಎಂತ ವಸ್ತು ಎಂದು ಗಟ್ಟಿಯಾಗಿಯೇ ಕೇಳಿದರು. ಬೆಳ್ಳಿ ನೀರು ಎಂದು ತಿಳಿದಾಗ ಮುಂದಿನ ಸಾಲಿನವರು ನಕ್ಕರು. ಹಾಗಾದರೆ ನಮ್ಮ ಮನೆಯ ಬೆಳ್ಳಿ ಲೋಟ ಯಾವಾಗ ಸಿಡಿಯುತ್ತದೆ ಮಾಷ್ಟ್ರೇ ಎಂದು ಒಬ್ಬರು ವಿಚಾರಿಸಿದರು. ಸೋಲುವ ಹೆದರಿಕೆಗೆ ಹೋಮ ಕೆಡಿಸಲು ಬಂದಿದ್ದಾನೆ ಎಂದು ಇನ್ನೊಬ್ಬರು ತೀರ್ಮಾನಿಸಿಯೇಬಿಟ್ಟರು.

“ಅಂತೂ ನಿನ್ನ ಬಾಯಿಯಿಂದಲೂ ಅಪಾಯ ಎಂಬ ಮಾತು ಬಂತಲ್ಲ,” ಎಂದರು ಭಟ್ಟರು. “ಅಷ್ಟು ಸಾಕು. ಕೂತುಕೋ ಮಾರಾಯ.”

ಯಾರೂ ಏಳಲಿಲ್ಲ. ಹಯಗ್ರೀವ ಅಂಗಳದ ನಡುವೆ ಒಂದು ಗಳಿಗೆ ನಿಂತ. ಅವನ ಹನ್ನೊಂದು ವರ್ಷದ ಪಾಠದ ಅನುಭವ ಅಲ್ಲಿ ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ. ಆಮೇಲೆ ಅವನು ಕಣ್ಣು ಮುಚ್ಚಿ, ಬೆರಳು ಮಡಚಿ ಏನೋ ಎಣಿಸಿದಂತೆ ಮಾಡಿ, ಗಂಟಲು ಸರಿಪಡಿಸಿಕೊಂಡ.

“ಎಲ್ಲರೂ ಕೇಳಿ. ನನ್ನ ಲೆಕ್ಕ ತಪ್ಪಿತ್ತು. ಗ್ರಹಗಳ ದೃಷ್ಟಿ ಸಂಜೆಗಲ್ಲ, ನಾಲ್ಕು ಗಂಟೆಗೆ. ಅದು ಬೀಳುವುದು ಈ ಮನೆಯ ಈಶಾನ್ಯ ಮೂಲೆಗೆ, ದೇವರ ಕೋಣೆಗೆ. ಇಲ್ಲಿ ಯಾರೂ ಇರಬಾರದು. ಎದುರಿನ ಗದ್ದೆಯ ಆಚೆ ಬದುವಿಗೆ ಹೋಗಿ.”

ಎರಡು ನಿಮಿಷದಲ್ಲಿ ಅಂಗಳ ಖಾಲಿ. ನಲವತ್ತು ಜೋಡಿ ಕಾಲುಗಳ ಧೂಳು ಇಳಿಯುವ ಮೊದಲೇ ರಘುಪತಿ ಭಟ್ಟರು ಕಲಶವನ್ನು ಎದೆಗವಚಿಕೊಂಡು, ವಯಸ್ಸಿಗೆ ಮೀರಿದ ವೇಗದಲ್ಲಿ ಗದ್ದೆ ದಾಟಿದ್ದರು. ಸತ್ಯಕ್ಕೆ ಅಲುಗದವರು ಸುಳ್ಳಿಗೆ ಹೀಗೆ ಹಾರಿದ್ದನ್ನು ಕಂಡು ಎಡ್ಮಂಡನಿಗೆ ಅಂಥ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ.

ಉಳಿದದ್ದು ಮನೋರಮಮ್ಮ ಒಬ್ಬರೇ. ಅವರು ಹೊರಗೆ ಬರುವ ಬದಲು ದೇವರ ಕೋಣೆಯತ್ತ ಹೊರಟಿದ್ದರು. ಮೂಲೆಗೇ ದೃಷ್ಟಿ ಬೀಳುವುದಾದರೆ ಸಾಲಿಗ್ರಾಮಗಳನ್ನು ಅಲ್ಲಿ ಬಿಟ್ಟು ಬರುವುದು ಹೇಗೆ? ಅವುಗಳನ್ನಿಟ್ಟ ತಾಮ್ರದ ಸಂಪುಟ ಇದ್ದದ್ದು ಅದೇ ಗೂಡಿನಲ್ಲಿ, ಬಾಟಲಿಯ ಹಿಂದೆ. ಹಯಗ್ರೀವ ಓಡಿ ಹೋಗಿ ಹೊಸ್ತಿಲಲ್ಲಿ ಅವರ ಕೈ ಹಿಡಿದು ನಿಲ್ಲಿಸಿದ. ಮಡಿಯಲ್ಲಿದ್ದ ತಾಯಿಯನ್ನು ಅವನು ತಿಳಿವು ಬಂದ ಮೇಲೆ ಮುಟ್ಟಿದ್ದು ಅದೇ ಮೊದಲು. ಅವರು ಕೈಯನ್ನು ನೋಡಿದರು, ಮಗನ ಮುಖ ನೋಡಿದರು.

“ಗ್ರಹ ಅಲ್ಲ ಅಮ್ಮ,” ಎಂದ ಅವನು. “ಆ ಬಾಟಲಿ. ಅದು ಸಿಡಿದರೆ ಹತ್ತಿರ ಇದ್ದವರ ಕಣ್ಣು ಹೋದೀತು, ಜೀವವೂ ಹೋದೀತು. ಅವತ್ತೇ ನನಗೆ ಗೊತ್ತಿತ್ತು. ಹೇಳಿದರೆ ನೀನು ಕೆಲಸ ಮಾಡಲಿಕ್ಕೆ ಬಿಡುವುದಿಲ್ಲ ಅಂತ ಎಂತದೂ ಇಲ್ಲ ಅಂದೆ.”

ಮನೋರಮಮ್ಮ ಗೂಡಿನ ಬಾಟಲಿಯತ್ತ ನೋಡಿದರು.

“ಎರಡು ದಿನ ನಾನು ಅದಕ್ಕೆ ಹೂ ಇಟ್ಟೆ,” ಎಂದರು. ಆಮೇಲೆ ತಿರುಗಿ ನೋಡದೆ ಗದ್ದೆಯ ಕಡೆಗೆ ನಡೆದರು.

ಎಡ್ಮಂಡ್ ತಾನೂ ನಿಲ್ಲುತ್ತೇನೆ ಎಂದ. ಬಾಟಲಿ ನನ್ನದು ಎಂದು ಹಯಗ್ರೀವ ಅವನನ್ನೂ ಅಟ್ಟಿದ. ಮಾವಿನಕಾಯಿ ಕೊಯ್ಯುವ ಉದ್ದದ ದೋಟಿ ತಂದು, ಮನೆಯ ಹಿಂದಿನಿಂದ ದೇವರ ಕೋಣೆಯ ಕಿಟಕಿಯ ಸರಳುಗಳ ನಡುವೆ ತೂರಿಸಿ, ತಾನು ಮುರಕಲ್ಲಿನ ದಪ್ಪ ಗೋಡೆಯ ಮರೆಗೆ ಸರಿದು, ನೆನೆಸಿದ ಗೋಣಿಗಳನ್ನು ತಲೆಯ ಮೇಲೆ ಎಳೆದುಕೊಂಡ. ಇದು ಸರಿಯಾದ ದಾರಿಯಲ್ಲ ಎಂದು ಅವನಿಗೂ ಗೊತ್ತಿತ್ತು. ಸರಿಯಾದ ದಾರಿ ಗುರುವಾರ ಸಂಜೆಗೇ ಮುಗಿದುಹೋಗಿತ್ತು. ಮೊದಲ ಸಲ ದೋಟಿಗೆ ಸಿಕ್ಕಿದ್ದು ಗಂಟೆ. ಎರಡನೇ ಸಲ ಕುಂಕುಮದ ಬಟ್ಟಲು. ಮೂರನೇ ಸಲ ಬಿದಿರಿನ ತುದಿಗೆ ಗಾಜು ತಾಗಿದ ಸಣ್ಣ ಸದ್ದು ಕೇಳಿಸಿತು.

ಆಮೇಲಿನ ಸದ್ದು ಗದ್ದೆಯ ಆಚೆಗೂ ಕೇಳಿಸಿತು. ಕಿಟಕಿಯ ಬಾಗಿಲು ಕಿತ್ತುಹೋಗಿ ಹಿತ್ತಿಲಿಗೆ ಬಿತ್ತು. ಮಾಡಿನ ಹದಿನೈದು ಇಪ್ಪತ್ತು ಹಂಚುಗಳು ಜಾರಿ ಒಡೆದವು. ದೋಟಿ ಎರಡು ತುಂಡಾಯಿತು. ಬದುವಿನ ಮೇಲಿನಿಂದ ನಾರಾಯಣ ನಾರಾಯಣ ಎಂಬ ಕೂಗು ಅಲೆಯಂತೆ ಬಂತು. ಹಯಗ್ರೀವ ಗೋಣಿಯಡಿಯಿಂದ ಎದ್ದು, ಹತ್ತು ಬೆರಳುಗಳನ್ನೂ ಎಣಿಸಿ ನೋಡಿಕೊಂಡ. ಮೂರು ಗಂಟೆ ಐವತ್ತೆರಡು ನಿಮಿಷ.

ಜನ ಮರಳಿ ಬರುವಾಗ ಮೆರವಣಿಗೆಯಲ್ಲೇ ಬಂದರು. ಎಂಟು ಗ್ರಹಗಳ ಹೊಡೆತವನ್ನು ಹೋಮ ಒಂದು ಕಿಟಕಿಯಲ್ಲೇ ನಿಲ್ಲಿಸಿತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ ಮಾಷ್ಟ್ರ ಲೆಕ್ಕ. ಎಂಟೇ ನಿಮಿಷ ಆಚೀಚೆ. ಇನ್ನು ಮೇಲೆ ಜಾತಕವನ್ನೂ ನೋಡುತ್ತೀರಾ ಎಂದು ಇಬ್ಬರು ಆಗಲೇ ಕೇಳಿದರು. ಎಡ್ಮಂಡ್ ಪಕ್ಕಕ್ಕೆ ಬಂದು, ಸುಮ್ಮನಿರು ಮಾರಾಯ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಪಿಸುಗುಟ್ಟಿದ. ಬಾಯಿ ಬಿಟ್ಟರೆ ಕಾಲೇಜಿನವರೆಗೂ ಸುದ್ದಿ ಹೋಗುತ್ತದೆ: ರಸಾಯನಶಾಸ್ತ್ರದ ಮಾಷ್ಟ್ರು ತನ್ನ ಮನೆಯ ದೇವರ ಕೋಣೆಯನ್ನೇ ಹಾರಿಸಿದ. ಬಿಡದಿದ್ದರೆ ಒಂದು ತಿಂಗಳು ನಕ್ಕದ್ದೆಲ್ಲ ಮಣ್ಣುಪಾಲು. ಆದರೂ ಮಾನ ಉಳಿಯುತ್ತದೆ, ಕೀರ್ತಿ ಕೂಡ ಬರುತ್ತದೆ. ಹಯಗ್ರೀವ ಸುಮ್ಮನಿರಲು ಮುಕ್ಕಾಲು ಪಾಲು ನಿರ್ಧರಿಸಿದ್ದ.

ಆಗ ನೆರೆಮನೆಯ ಪ್ರಭಾವತಿಯಕ್ಕ ಹೆಮ್ಮೆಯಿಂದ ಹೇಳಿದರು. ಮನೋರಮಕ್ಕ ಗುರುವಾರವೇ ಆ ಬೆಳ್ಳಿ ನೀರಿನಲ್ಲಿ ತಮಗೂ ಒಂದು ಶಾಯಿ ಬಾಟಲಿಯಷ್ಟು ಕೊಟ್ಟಿದ್ದಾರೆ. ಇಲ್ಲಿಯದು ಗ್ರಹದ ಏಟು ತಾನು ತಿಂದು ಮನೆ ಉಳಿಸಿತು. ತಮ್ಮ ಮನೆಗೂ ಇನ್ನು ಹೆದರಿಕೆ ಇಲ್ಲ. ಸುತ್ತ ನಿಂತವರ ಕಣ್ಣಿನಲ್ಲಿ ಆಸೆ ಮೂಡಿತು. ನಮಗೂ ಒಂದು ಚಮಚ ಸಿಕ್ಕೀತೇ ಎಂದು ಯಾರೋ ಕೇಳಿದರು.

ಹಯಗ್ರೀವ ಜಗಲಿಯ ಮೇಲೆ ಹತ್ತಿ ನಿಂತ.

“ಗ್ರಹವೂ ಇಲ್ಲ, ದೃಷ್ಟಿಯೂ ಇಲ್ಲ,” ಎಂದ. “ಆ ನೀರು ನಾನು ಮಾಡಿದ್ದು. ಅದೇ ದಿನ ಕೆಡಿಸಿ ಚೆಲ್ಲಬೇಕಿತ್ತು. ಕನ್ನಡಿ ತೋರಿಸುವ ಉಮೇದಿನಲ್ಲಿ ಬಿಟ್ಟು ಹೋದೆ. ಅಮ್ಮನಿಗೆ ಸುಳ್ಳು ಹೇಳಿದೆ, ಈಗ ನಿಮಗೂ ಹೇಳಿದೆ. ಪ್ರಭಾವತಿಯಕ್ಕ, ನಿಮ್ಮ ಮನೆಗೆ ಯಾರೂ ಹೋಗಬಾರದು. ಬಾಟಲಿ ಎಲ್ಲಿ ಇಟ್ಟಿದ್ದೀರಿ, ಅಷ್ಟು ಹೇಳಿ.”

ಪ್ರಭಾವತಿಯಕ್ಕ ಸೆರಗಿನ ತುದಿ ತಿರುಚಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಕೊನೆಗೆ ಅವರು ಮನೋರಮಮ್ಮನ ಕಡೆಗೆ ತಿರುಗಿದರು.

“ಬೇಜಾರು ಮಾಡಬೇಡಿ ಅಕ್ಕ. ನಾನು ಅದನ್ನು ಅವತ್ತೇ ಒಂದು ಕೊಡಪಾನ ನೀರು ಹೊಯ್ದು ಚರಂಡಿಗೆ ಬಿಟ್ಟೆ. ಎಂತ ನಾತ ಅದು.”

ಗುರುವಾರದಿಂದ ಶನಿವಾರದವರೆಗೆ ಆ ನೀರಿನ ವಿಷಯದಲ್ಲಿ ಸರಿಯಾಗಿ ನಡೆದುಕೊಂಡವರು ಉಡುಪಿಯಲ್ಲಿ ಅವರೊಬ್ಬರೇ ಎಂದು ಹಯಗ್ರೀವ ಎಲ್ಲರ ಎದುರು ಹೇಳಿ ಕೈಮುಗಿದ. ಪ್ರಭಾವತಿಯಕ್ಕನಿಗೆ ಅದು ಹೊಗಳಿಕೆಯೋ ತಮಾಷೆಯೋ ತಿಳಿಯಲಿಲ್ಲ.

ರಘುಪತಿ ಭಟ್ಟರು ಮಾತ್ರ ಬಿಡುವವರಲ್ಲ. “ಅದೆಲ್ಲ ಸರಿ. ನಿನಗೆ ಆ ಮರೆವು ಕೊಟ್ಟದ್ದು ಯಾರು? ಶನಿ ಅಲ್ವಾ?”

“ಮರೆವು ನನ್ನದೇ ಅಣ್ಣ. ಶನಿಗೆ ಬೇರೆ ಕೆಲಸ ಉಂಟು.”

“ಕಿಟಕಿ ತೆಂಗಿನಕಾಯಿಗಿಂತ ದೊಡ್ಡದು ಹೌದೋ ಅಲ್ಲವೋ?”

ಹೌದು ಎಂದು ಒಪ್ಪಿ ಹಯಗ್ರೀವ ಒಳಗೆ ಹೋಗಿ ಪಂಚೆ ಉಟ್ಟು ಬಂದ. ಕತ್ತಲಾಗುವವರೆಗೆ ಹೋಮಕುಂಡದ ಮುಂದೆ ಕುಳಿತು ತುಪ್ಪ ಹೊಯ್ದ. ಅಷ್ಟಗ್ರಹಗಳು ಹೇಳಿದ ಹೊತ್ತಿಗೆ ಮಕರದಲ್ಲಿ ಕೂಡಿದವು. ಬೀದಿಯಲ್ಲಿ ಬೇರೆ ಏನೂ ಒಡೆಯಲಿಲ್ಲ. ಮನೋರಮಮ್ಮ ಎಲ್ಲರಿಗೂ ಪಾಯಸ ಬಡಿಸಿದರು, ಮಗನಿಗೆ ಕೊನೆಯಲ್ಲಿ ಬಡಿಸಿದರು.

ಮರುದಿನ ಬೆಳಿಗ್ಗೆ ಅವನು ಕೈಗವಸು ಹಾಕಿಕೊಂಡು ದೇವರ ಕೋಣೆಯ ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿದ. ಸಾಲಿಗ್ರಾಮಗಳು ಸಂಪುಟದೊಳಗೆ ಕ್ಷೇಮವಾಗಿದ್ದವು. ಮನೋರಮಮ್ಮ ದಿನಾ ಬೆಳಿಗ್ಗೆ ಒಂದು ಗಂಟೆ ಕುಳಿತು ಜಪ ಮಾಡುವ ಹಲಸಿನ ಮಣೆಯಲ್ಲಿ ಹನ್ನೊಂದು ಚೂರು ನಾಟಿದ್ದವು. ಅವನು ಅಳತೆಯ ಟೇಪು ತಂದು ಗೂಡಿನ ಅಂಚಿನಿಂದ ಮಣೆಯವರೆಗೆ ಹಿಡಿದ. ಸೋಮವಾರದ ಪಾಠಕ್ಕೆಂದು ಪುಸ್ತಕ ತೆರೆದು ಅದನ್ನು ಬರೆದುಕೊಂಡ: ಮೂರು ಅಡಿ ಎರಡು ಅಂಗುಲ.