ಬೊಮ್ಮಕ್ಕನ ಕೈಗೆ ಕರಣೆ

ಮೊಳಕಾಲ್ಮೂರಿನಿಂದ ರಾಯದುರ್ಗಕ್ಕೆ ಹೋಗುವ ರಸ್ತೆ ಬದಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುವ ಕೆಲಸ ಹಿಡಿದಾಗ ಯರ್ರಪ್ಪ ಮೇಸ್ತ್ರಿಗೆ ಐವತ್ತನಾಲ್ಕು ವರ್ಷ. ಅದು ಎರಡು ಸಾವಿರದ ಮೂರನೇ ಇಸವಿ. ಕಲ್ಲಿನ ಗೋಡೆ ಎಂದರೆ ಆ ಸೀಮೆಯಲ್ಲಿ ಅವನದೇ ಹೆಸರು. ಅವನ ಕೈಕೆಳಗೆ ಆರು ಮಂದಿ ಗಾರೆಯವರು, ಕಲ್ಲು, ಗಾರೆ ಹೊರಲು ಎಂಟು ಜನ ಹೆಂಗಸರು.

ತಳಪಾಯ ಮುಗಿದ ವಾರವೇ ಇಂಜಿನಿಯರ್ ಮಹಾಂತೇಶ್ ಹೊಸ ನಕ್ಷೆ ತಂದ. ಮೇಲೆಲ್ಲ ಕಾಂಕ್ರೀಟ್ ಕಂಬ, ನಡುವೆ ಸಿಮೆಂಟ್ ಬ್ಲಾಕಿನ ಗೋಡೆ.

"ಕಲ್ಲಿನ ಗೋಡೆ ಅಂದಿದ್ರಲ್ಲ ಸ್ವಾಮಿ," ಎಂದ ಯರ್ರಪ್ಪ.

"ಮ್ಯಾಲೆ ಇನ್ನೊಂದು ಅಂತಸ್ತು ಬರ್ತೈತಂತೆ ಮೇಸ್ತ್ರಿ. ನಿಮ್ಮೋರ ಕೈಲಿ ಆದ್ರೆ ಮಾಡ್ರಿ. ಆಗಲ್ಲ ಅಂದ್ರೆ ಸೋಮವಾರದೊಳಗೆ ಹೇಳ್ರಿ, ಬಳ್ಳಾರಿ ಕಡೆಯೋರನ್ನ ಕರೆಸ್ತೀನಿ."

ಬ್ಲಾಕೇನು ಮಹಾ, ಎಲ್ಲ ಒಂದೇ ಅಳತೆ ಎಂದುಕೊಂಡು ಮರುದಿನ ಯರ್ರಪ್ಪ ಒಂದು ಮೂಲೆ ಕಟ್ಟಲು ನಿಂತ. ಜೊತೆಗೆ ಪೆದ್ದಣ್ಣ, ಇಪ್ಪತ್ತು ವರ್ಷದಿಂದ ಅವನ ಬಲಗೈಯಾಗಿದ್ದ ಗಾರೆಯವ. ಸಂದಿಗೆ ಚಕ್ಕೆ ಸಿಕ್ಕಿಸಿ ಕಲ್ಲು ಕೂರಿಸಿದ ಕೈಗಳು ಅವು. ಬ್ಲಾಕಿಗೆ ಆ ಉಪಾಯ ನಡೆಯಲಿಲ್ಲ. ಐದನೇ ಸಾಲಿಗೆ ಗೋಡೆ ಹೊರಕ್ಕೆ ವಾಲಿತು.

ಹೊರುವ ಹೆಂಗಸರಲ್ಲಿ ಒಬ್ಬಳಾದ ಬೊಮ್ಮಕ್ಕ ಗಾರೆಯ ಬಾಂಡ್ಲಿ ಇಳಿಸಿ ಮೆಲ್ಲಗೆ ಹೇಳಿದಳು: "ಗಾರೆ ನೀರಾಗೈತೆ ಮೇಸ್ತ್ರಿ, ಅದ್ಕೇ ಜಾರ್ತೈತೆ. ಎರಡೂ ಕಡೆ ಮೂಲೆ ಎಬ್ಬಿಸಿ, ದಾರ ಕಟ್ಟಿ, ಆಮ್ಯಾಲೆ ನಡುವೆ ತುಂಬಬೇಕು."

"ಬಾಂಡ್ಲಿ ಹೊರೋಳು ಪಾಠ ಹೇಳ್ತಾಳೆ," ಎಂದು ಪೆದ್ದಣ್ಣ ನಕ್ಕ.

ಯರ್ರಪ್ಪ ನಗಲಿಲ್ಲ. "ನಿಂಗ್ಯಾರು ಹೇಳಿಕೊಟ್ರು?"

"ನನ್ನ ಗಂಡ. ತೋರಣಗಲ್ಲಾಗೆ ಕ್ವಾರ್ಟರ್ಸ್ ಕಟ್ಟುವಾಗ ಅವ್ನ ಸೊಂಟ ಹೋತು. ಅವ್ನು ಕುಂತು ಹೇಳೋನು, ನಾನು ಕಟ್ಟೋಳು. ಎರಡು ವರ್ಷ ಹಂಗೇ ನಡೀತು."

"ಐದು ವರ್ಷದಿಂದ ನಮ್ಮತ್ರ ಇದೀಯ. ಒಂದಿನಾನೂ ಹೇಳ್ಲಿಲ್ಲ."

"ನೀವು ಯಾವತ್ತು ಕೇಳಿದ್ರಿ?"

ಆ ಮಾತು ಯರ್ರಪ್ಪನಿಗೆ ನಾಟಿತು. ಯಾವ ಹೆಂಗಸು ಎಷ್ಟು ಬಾಂಡ್ಲಿ ಹೊರುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಬೇರೇನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರ ಎದುರು ಅವನು ಬೊಮ್ಮಕ್ಕನಿಗೆ ಗಾರೆ ಹಾಕುವ ಕರಣೆ ಕೊಟ್ಟ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆಣ್ಣಿನ ಕೈಕೆಳಗೆ ನಾನು ಕಟ್ಟಲ್ಲ ಯರ್ರಣ್ಣಾ," ಎಂದ ಪೆದ್ದಣ್ಣ.

"ಕೈಕೆಳಗಲ್ಲ ಕಣಲೇ. ಪಕ್ಕದಾಗೆ ನಿಂತು ಕಲಿ. ನಾನೂ ಕಲೀತೀನಿ."

"ಎರಡೂ ಒಂದೇ."

ಇನ್ನಿಬ್ಬರು ಗಾರೆಯವರನ್ನು ಕರೆದುಕೊಂಡು ಪೆದ್ದಣ್ಣ ಪರಶುರಾಂಪುರದ ಕಡೆ ಕಲ್ಲಿನ ಕೆಲಸಕ್ಕೆ ಹೊರಟುಹೋದ. ಯರ್ರಪ್ಪ ರಸ್ತೆಯವರೆಗೆ ಅವರ ಹಿಂದೆ ನಡೆದ. ಆದರೂ ತಡೆಯಲಿಲ್ಲ.

ಮೊದಲ ದಿನ ಬೊಮ್ಮಕ್ಕ ಎರಡೇ ಸಾಲು ಕಟ್ಟಿದಳು. ಮೂರನೇ ದಿನಕ್ಕೆ ಕೈ ಪಳಗಿತು. ಯರ್ರಪ್ಪ ಕೂರಿಸಿದ ಒಂದು ಬ್ಲಾಕನ್ನು ನೋಡಿ, "ಅದು ತಾಗಿ ದಾರಾನ ಹೊರಕ್ಕೆ ತಳ್ತೈತೆ, ತೆಗೀರಿ," ಎಂದಳು. ಗಾರೆ ಕಲಸುತ್ತಿದ್ದವರ ಸಲಿಕೆ ನಿಂತವು. ಮೇಸ್ತ್ರಿಗೆ ತೆಗಿ ಎಂದವರನ್ನು ಅವರು ಕಂಡಿರಲಿಲ್ಲ. ಯರ್ರಪ್ಪನ ಕಿವಿ ಬಿಸಿಯಾಯಿತು. ಬಗ್ಗಿ ದಾರ ನೋಡಿದ. ಅವಳು ಹೇಳಿದ್ದು ಸರಿಯಾಗಿತ್ತು. ತೆಗೆದ.

ಎರಡನೇ ವಾರಕ್ಕೆ ಇನ್ನಿಬ್ಬರು ಹೆಂಗಸರು ಕರಣೆ ಹಿಡಿದರು. ಮಹಾಂತೇಶ್ ಬಂದು ಗೋಡೆಗೆ ರಸಮಟ್ಟ ಇಟ್ಟು ನೋಡಿ, ಕಿಟಕಿಯ ಅಳತೆ ವಿಚಾರಿಸಿದ. "ಬೊಮ್ಮಕ್ಕನ್ನ ಕೇಳ್ರಿ," ಎಂದ ಯರ್ರಪ್ಪ. ಹಾಗೆ ಹೇಳುವಾಗ ಒಳಗೆ ಏನೋ ಕಳೆದುಕೊಂಡಂತೆಯೂ ಆಯಿತು, ಹೆಗಲು ಹಗುರವಾದಂತೆಯೂ ಆಯಿತು.

ಕೆಲಸ ಹತ್ತು ದಿನ ತಡವಾದರೂ ಮುಗಿಯಿತು. ದೀಪಾವಳಿಯ ಹೊತ್ತಿಗೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಪೆದ್ದಣ್ಣ ಸಿಕ್ಕ.

"ಇನ್ನೂ ಆ ಹೆಂಗಸಿನ ಮಾತು ಕೇಳ್ಕಂಡೇ ಇದೀಯಾ?"

"ಇದೀನಿ. ಇಲ್ಲೇ ಒಂದು ಕಲ್ಯಾಣಮಂಟಪ ಹಿಡಿದೀವಿ. ಬ್ಲಾಕಿಂದು ಅವಳು ನೋಡ್ತಾಳೆ. ತಳಪಾಯ ಕಲ್ಲಿಂದು. ನನ್ನೊಬ್ನ ಕೈಲಿ ಆಗಲ್ಲ, ಬಾ."

ಪೆದ್ದಣ್ಣ ಬಸ್ಸು ಹತ್ತಿದ.

ನಾಲ್ಕು ದಿನ ಬಿಟ್ಟು, ಸುತ್ತಿಗೆ ಹಿಡಿದು ಬಂದು ತಳಪಾಯದ ಗುಂಡಿಗೆ ಇಳಿದ. ಬೊಮ್ಮಕ್ಕನ ಜೊತೆ ಒಂದು ವಾರ ಮಾತಿಲ್ಲ. ಎಂಟನೇ ದಿನ ಗುಂಡಿಯೊಳಗಿಂದಲೇ ತಲೆಯೆತ್ತಿ ಅವಳನ್ನು ಕೇಳಿದ:

"ನಿನ್ನ ಗೋಡೆಗೆ ಎಷ್ಟು ಎತ್ತರಕ್ಕೆ ಕಲ್ಲು ನಿಲ್ಲಿಸ್ಲಿ?"