ಚಾಂದಸಾಬರು ಬಾಗಿಲಿಗೆ ಬಂದರೆ

ನಮ್ಮವರು, ಅಂದರೆ ನನ್ನ ಗಂಡ ಚಾಂದಸಾಬರು, ಕುವೈತ್ ಬಿಟ್ಟು ಇಳಕಲ್ಲಿಗೆ ಬಂದು ಎಷ್ಟೋ ವರ್ಷವಾಯಿತು. ಕುವೈತ್ ಮಾತ್ರ ಇನ್ನೂ ಅವರ ಜೇಬಿನಲ್ಲೇ ಇದೆ. ಬೆಳಿಗ್ಗೆ ಚಹಾ ಕುಡಿಯುವಾಗ ಫೋನ್ ತೆಗೆದು ‘ಹುನಗುಂದ-ಇಳಕಲ್ ಕುವೈತ್ ಬಳಗ’ದ ವಾಯ್ಸ್ ಮೆಸೇಜುಗಳನ್ನು ಓಣಿಗೆಲ್ಲ ಕೇಳುವಂತೆ ಹಚ್ಚುತ್ತಾರೆ. ಕಟ್ಟಡದ ಶೆಟರಿಂಗ್ ಕೆಲಸದವರು, ಡ್ರೈವರುಗಳು, ಮನೆಗೆಲಸಕ್ಕೆ ಹೋದ ಹೆಣ್ಣುಮಕ್ಕಳು, ಎಲ್ಲ ನಮ್ಮ ಕಡೆಯವರೇ. ಅಷ್ಟು ಮಂದಿಯಲ್ಲಿ ಊರಲ್ಲಿರುವವರು ಇವರೊಬ್ಬರೇ. ವಾಪಸು ಬಂದ ಮುದುಕನನ್ನು ಗುಂಪಿನಲ್ಲಿ ಯಾಕೆ ಇಟ್ಟುಕೊಂಡಿದ್ದಾರೆ ಅನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ.

ಹೊಸದಾಗಿ ಸೇರಿದವರು ಮೊದಲು ತಮ್ಮ ಪರಿಚಯ ಹೇಳಬೇಕು. ಹೆಸರು, ಊರು, ಕೆಲಸ. ಆಮೇಲೆ ಊರಿನ ಮನೆಗೆ ದಾರಿ: ಯಾವ ಓಣಿ, ಯಾರ ಮನೆ ದಾಟಬೇಕು, ಬಾಗಿಲು ಯಾವ ಕಡೆ. ಹುಡುಗರು ಖುಷಿಯಿಂದ ಹೇಳುತ್ತಾರೆ. ಪರದೇಶದಲ್ಲಿ ನಿಮ್ಮ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಯಾರಿಗೆ ಹಿತವಾಗುವುದಿಲ್ಲ? ಆದರೆ ಅದನ್ನು ಕೇಳುವುದು ಪ್ರೀತಿಗಲ್ಲ. ಅಲ್ಲಿ ಯಾರಾದರೂ ಸತ್ತರೆ ನಮ್ಮವರು ಇಲ್ಲಿ ಅವರ ಮನೆಗೆ ಹೋಗಿ ತಿಳಿಸಬೇಕು. ಓಣಿಯಲ್ಲಿ ನಿಂತು ಇಂಥವರ ಮನೆ ಯಾವುದು ಎಂದು ವಿಚಾರಿಸಿದರೆ ಇವರಿಗಿಂತ ಮೊದಲು ಸುದ್ದಿಯೇ ಹೋಗಿ ಮುಟ್ಟುತ್ತದೆ. ಅದಕ್ಕೇ ದಾರಿಯನ್ನು ಮೊದಲೇ ಕೇಳಿಟ್ಟುಕೊಳ್ಳುತ್ತಾರೆ.

ಸಾವನ್ನು ಫೋನಿನಲ್ಲಿ ಹೇಳಬಾರದು ಅನ್ನುವುದು ನಮ್ಮವರ ಹಟ. ಒಳ್ಳೆಯ ಹಟವೇ. ಆದರೆ ಅದರ ಫಲವನ್ನು ಉಣ್ಣುವವರು ನಾವು. ಚಾಂದಸಾಬರು ಬಾಗಿಲಿಗೆ ಬಂದರೆ ಆ ಮನೆಯ ಒಂದು ಜೀವ ಹೋಯಿತೆಂದು ಹುನಗುಂದ, ಇಳಕಲ್ ಎರಡೂ ಊರಿನಲ್ಲಿ ಗೊತ್ತಾಗಿಬಿಟ್ಟಿದೆ. ಲಗ್ನದ ಕಾರ್ಡನ್ನು ಬಜಾರಿನಲ್ಲೇ ಕೈಗಿಟ್ಟು, “ವಯಸ್ಸಾಗೇತಿ, ತ್ರಾಸ ತಗೊಂಡು ಬರಬ್ಯಾಡ್ರಿ” ಅನ್ನುತ್ತಾರೆ. ನಮ್ಮವರು ನಗುತ್ತಾರೆ. ರಾತ್ರಿ ಊಟ ಸೇರುವುದಿಲ್ಲ. ಆ ಜನರ ಮೇಲೆ ನನಗೆ ಮೈಯೆಲ್ಲ ಉರಿಯುತ್ತದೆ.

ಈ ಸಲ ಹೊಸದಾಗಿ ಸೇರಿದವನು ಯಮನೂರ.

“ನಮಸ್ಕಾರ್ರಿ ಎಲ್ಲಾರಿಗೂ. ನಾ ಹುನಗುಂದದಾಂವ. ಮನಿ ಹಿಟ್ಟಿನ ಗಿರಣಿ ದಾಟಿದ ಮ್ಯಾಲ ಎಡಕ್ಕ ಎರಡನೇದು. ಬಾಗಲಾ ಮೂಡಲಕ್ಕ ಐತ್ರಿ. ಕಟ್ಟಿಮ್ಯಾಲ ನಮ್ಮವ್ವ ಕುಂತಿರ್ತಾಳ. ಯಾರರ ಊರಿಗೆ ಹೋದ್ರ ಮನೀಗೆ ಹೋಗಿ ಚಹಾ ಕುಡದಽ ಬರ್ರಿ ಮತ್ತ!”

ನಮ್ಮವರು ಚಹಾದ ಕಪ್ಪನ್ನು ಕೆಳಗಿಟ್ಟರು. “ಹ್ವಾದ ವರ್ಷ ಆ ಓಣಿಗೆ ಹೋಗೀನಿ. ಗಿರಣಿ ಎದುರಿನ ಮನೀಗೆ,” ಎಂದರು.

ಕೆಲವು ತಿಂಗಳ ಮೇಲೆ ಆ ಬಳಗದ ಮತೀನ ಎಂಬವನು ರಜೆಗೆ ಬಂದು ನಮ್ಮ ಮನೆಯಲ್ಲಿ ಒಂದು ಚೀಲ ಇಟ್ಟುಹೋದ. ಯಮನೂರ ಕಳಿಸಿದ್ದು. ಖರ್ಜೂರ, ಕೂಸಿಗೊಂದು ಮೆತ್ತನೆಯ ಚಾದರ, ಮುಷ್ಟಿಗೆ ತೊಡಿಸುವಷ್ಟು ಸಣ್ಣ ಕುಲಾಯಿ ಟೋಪಿ. ಅವನ ಹೆಂಡತಿ ಮಾದೇವಿಗೆ ದಿನ ತುಂಬಿತ್ತು. ಇಂಥ ಚೀಲ ಬಂದರೆ ನಮ್ಮವರು ಯಾರ ಮನೆಗೂ ಒಯ್ಯುವುದಿಲ್ಲ. ಮನೆಯವರನ್ನೇ ಇಳಕಲ್ ಬಸ್‌ಸ್ಟ್ಯಾಂಡಿಗೆ ಕರೆಸಿ ಕೊಡುತ್ತಾರೆ. ಯಮನೂರನಿಗೆ ಅದು ಹೇಗೆ ಗೊತ್ತಾಗಬೇಕು?

“ಕಾಕಾ, ನೀವಽ ಮನೀಗೆ ಹೋಗಿ ಕೊಡ್ರಿ. ಆಕಿಗೆ ಮೊದಲ ಹೇಳಬ್ಯಾಡ್ರಿ. ಒಮ್ಮಿಗಲೇ ನೋಡಿ ಖುಷಿ ಆಗ್ಲಿ. ಏನಂದ್ಲು ಅಂತ ಆಮ್ಯಾಲ ನನಗ ಹೇಳ್ರಿ,” ಎಂದು ಫೋನಿನಲ್ಲಿ ಗಂಟುಬಿದ್ದ.

ನಮ್ಮವರು ಕುಲಾಯಿಯನ್ನು ಮಡಿಸಿ ಚೀಲದೊಳಗಿಟ್ಟು, “ಆತು” ಎಂದರು.

“ನಿಮ್ಮನ್ನ ನೋಡಿ ಅಂಜತಾರ್ರಿ. ಮೊದಲ ಒಂದು ಫೋನ್ ಹಚ್ರಿ,” ಎಂದೆ ನಾನು.

“ಕೂಸಿನ ಚಾದರ ಹಿಡಕೊಂಡು ಬಂದವನ್ನ ನೋಡಿ ಯಾರ ಅಂಜತಾರ? ಆ ಹುಡುಗಗ ಮಾತು ಕೊಟ್ಟೇನಿ. ಒಮ್ಮ್ಯಾರ ಚಲೋದು ಒಯ್ತೇನಿ, ಖೈರೂ. ಒಂದು ಮನ್ಯಾಗರ ನನ್ನ ನೋಡಿ ನಗಲಿ.”

ಆ ಮಾತಿಗೆ ನಾನು ಸೋತೆ. ನಾನೂ ಬರುತ್ತೇನೆ ಎಂದೆ. ಸಾವಿನ ಮನೆಗೆ ಇವರು ಯಾವಾಗಲೂ ಒಬ್ಬರೇ ಹೋಗುವುದು. ಜೊತೆಗೆ ಹೆಂಡತಿ ಇದ್ದರೆ ಬೀಗರ ಮನೆಗೆ ಹೊರಟ ಹಾಗೆ ಕಾಣುತ್ತದೆ ಎಂದು ನನ್ನ ಶಾಣ್ಯಾತನ. ಬಸುರಿಗೆ ತೊಡಿಸಲು ಹಸಿರು ಬಳೆ ಕೊಂಡೆ. ಬಸ್ಸಿನಲ್ಲಿ ನಮ್ಮವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಷ್ಟು ಹಗುರ ಮುಖ ನಾನು ನೋಡಿ ಎಷ್ಟು ದಿನವಾಗಿತ್ತೋ.

ಗಿರಣಿ ದಾಟಿದೆವು. ಕಟ್ಟೆಯ ಮೇಲೆ ಯಮನೂರನ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ಇವರನ್ನು ನೋಡಿದಳು, ನನ್ನನ್ನು ನೋಡಿದಳು. ಮೊರ ಕೈ ಜಾರಿತು.

“ಅಯ್ಯೋ ನನ್ನ ಮಗನಽ!”

ಆ ಕೂಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. ನಮ್ಮವರು ಚೀಲ ಮೇಲೆತ್ತಿ, “ಆರಾಮ ಅದಾನವ್ವಾ, ನಿನ್ನ ಮಗ ಆರಾಮ ಅದಾನ!” ಎಂದು ಚೀರಿದರು. ಕೇಳುವವರು ಯಾರು? ಸಾವಿನ ಸುದ್ದಿ ತಂದವರು ಯಾರೇ ಆಗಲಿ, ಮೊದಲು ಆರಾಮ ಇದ್ದಾನೆ ಎಂದೇ ಶುರು ಮಾಡುವುದು ನಮ್ಮ ಕಡೆಯ ಪದ್ಧತಿ. ಎದುರು ಮನೆಯ ಹೆಂಗಸು ನನ್ನ ಕಡೆ ಬೆರಳು ಮಾಡಿ, “ಬಸರಿ ಹೆಂಗಸನ್ನ ಹಿಡಿಯಾಕ ಹೇಂತೀನೂ ಕರಕೊಂಡು ಬಂದಾರ ನೋಡ್ರಿ!” ಎಂದಳು. ನನ್ನ ಶಾಣ್ಯಾತನ ಅಲ್ಲಿಗೆ ಬಂದು ಮುಟ್ಟಿತು.

ಒಳಗಿನಿಂದ ಮಾದೇವಿ ಓಡಿ ಬಂದಳು. ಹೊಸ್ತಿಲ ಹತ್ತಿರ ಸೀರೆ ಕಾಲಿಗೆ ತೊಡರಿತು. ನಾನು ಕೈ ಚಾಚುವಷ್ಟರಲ್ಲಿ ಕಟ್ಟೆಯ ಕಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದಳು.

ನಮ್ಮವರು ಅಲ್ಲೇ ಯಮನೂರನಿಗೆ ಫೋನ್ ಹಚ್ಚಿದರು. ಹಚ್ಚಿದರು, ಮತ್ತೆ ಹಚ್ಚಿದರು. ಕೆಲಸದ ಜಾಗದಲ್ಲಿ ಫೋನ್ ಇಟ್ಟುಕೊಳ್ಳಗೊಡುವುದಿಲ್ಲ, ಅವನು ಎತ್ತಲಿಲ್ಲ. ಎತ್ತದೇ ಹೋದದ್ದೇ ಓಣಿಯವರಿಗೆ ಸಾಕ್ಷಿಯಾಯಿತು. ಯಾರೋ ಗಾಡಿ ತಂದರು. ಹುನಗುಂದದ ದವಾಖಾನೆಯಲ್ಲಿ ನೋಡಿ ಬಾಗಲಕೋಟೆಗೆ ಒಯ್ಯಿರಿ ಎಂದರು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವನು ಬದುಕಿದ್ದಾನೆ ಎಂದು ಸಾವಿರ ಸಲ ಹೇಳಿರಬೇಕು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಒಂದಕ್ಷರ ನಂಬಲಿಲ್ಲ.

ಗಂಡು ಕೂಸು. ಹುಟ್ಟುವ ಮೊದಲೇ ಹೋಗಿತ್ತು. ತಾಯಿಯ ಜೀವ ಉಳಿಯಿತು.

ಹೊತ್ತು ಮುಳುಗುವಾಗ ನಮ್ಮಿಬ್ಬರನ್ನು ಅವಳ ಹತ್ತಿರ ಬಿಟ್ಟರು. ಅತ್ತೆ ಹೊರಗೆ ನೆಲದ ಮೇಲೆ ಬಿದ್ದುಕೊಂಡಿದ್ದಳು. ಮಾದೇವಿ ಕಣ್ಣು ತೆರೆದು ನಮ್ಮವರನ್ನು ನೋಡಿದಳು.

“ಈಗರ ಖರೆ ಹೇಳ್ರಿ ಕಾಕಾ. ಅವರ ಹೆಣಾ ಯಾವಾಗ ಬರ್ತೈತಿ?”

ಅಷ್ಟರಲ್ಲಿ ನಮ್ಮವರ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಯಮನೂರನ ವಾಯ್ಸ್ ಮೆಸೇಜು. ನಾನೇ ಕಸಿದುಕೊಂಡು ಅವಳ ಕಿವಿಯ ಹತ್ತಿರ ಹಿಡಿದೆ.

“ಕಾಕಾ, ಎಷ್ಟು ಫೋನ್ ಮಾಡೀರಿ! ಡ್ಯೂಟಿ ಈಗ ಬಿಡ್ತು. ಚೀಲ ಮುಟ್ಟಿತೇನ್ರಿ? ಮಾದೇವಿ ಏನಂದ್ಲು? ನಕ್ಕಳಿಲ್ಲೋ?”

ಅವಳು ಇನ್ನೊಮ್ಮೆ ಹಚ್ಚಿರಿ ಎಂದಳು. ಇನ್ನೊಮ್ಮೆ ಕೇಳಿದಳು. ಗಂಡ ಬದುಕಿದ್ದಾನೆ ಎಂದು ಗೊತ್ತಾದ ಹೆಂಡತಿಯ ಮುಖ ಹೇಗಿರಬೇಕು? ನಾನು ಕಂಡದ್ದು ಆ ಮುಖವಲ್ಲ. ಕೈಯನ್ನು ಖಾಲಿ ಹೊಟ್ಟೆಯ ಮೇಲಿಟ್ಟುಕೊಂಡು ಸದ್ದಿಲ್ಲದೆ ಅಳತೊಡಗಿದಳು. ಗಂಡ ಕಳಿಸಿದ ಚೀಲಕ್ಕಾಗಿಯೇ ನಾವು ಬಂದದ್ದೆಂದು ಅವಳಿಗೆ ತಿಳಿದುಹೋಗಿತ್ತು.

ಆಮೇಲೆ ಕಣ್ಣೊರೆಸಿಕೊಂಡು, “ಅವರಿಗೆ ನೀವಽ ಹೇಳ್ರಿ ಕಾಕಾ. ನಿಮಗ ರೂಢಿ ಐತಿ,” ಎಂದಳು. ಚುಚ್ಚಬೇಕೆಂದು ಅಂದದ್ದಲ್ಲ. ಆದರೂ ಚುಚ್ಚಿತು. “ಆದ್ರ ಯಾಕ ಹಿಂಗಾತು ಅಂತ ಹೇಳಬ್ಯಾಡ್ರಿ. ತಾ ನಿಮ್ಮನ್ನ ಕಳಿಸಿದ್ದಕ್ಕಽ ಹಿಂಗಾತು ಅಂತ ಗೊತ್ತಾದ್ರ ಆ ಮನಷಾ ಅಲ್ಲೇ ಜೀವಾ ಕಳಕೊಂತಾನ.”

ನಮ್ಮವರು ಫೋನ್ ಹಚ್ಚಿದರು. ಅತ್ತ ಯಮನೂರ ಹಲೋ ಹಲೋ ಎಂದು ನಗುತ್ತಿದ್ದ. ಇವರ ತುಟಿ ಅಲುಗಿತು, ದನಿ ಹೊರಡಲಿಲ್ಲ. ಅಷ್ಟೊಂದು ಮನೆಗಳಿಗೆ ಹೋದರೂ ಇವರು ಒಂದು ಸಾವನ್ನೂ ಬಾಯಿಬಿಟ್ಟು ಹೇಳಿದವರಲ್ಲ. ಮುಖ ಕಂಡೇ ಜನ ಅಳುತ್ತಿದ್ದರು. ಫೋನಿನಲ್ಲಿ ಮುಖ ಎಲ್ಲಿ ಕಾಣುತ್ತದೆ? ನಾನು ಅವರ ಕೈಯಿಂದ ಫೋನ್ ತೆಗೆದುಕೊಂಡೆ.

“ಯಮನೂರಾ, ನಾ ಖೈರುನಬಿ, ಚಾಂದಸಾಬರ ಮನಿಯಾಕಿ. ಕುಂಡ್ರಪ್ಪಾ. ಮಾದೇವಿ ಹೊಸ್ತಿಲದಾಗ ಎಡವಿ ಬಿದ್ಲು. ಆಕಿ ಉಳದಾಳ. ಕೂಸು ಉಳೀಲಿಲ್ಲ. ಗಂಡಿತ್ತು.”

ಆ ಕಡೆ ಯಾವುದೋ ಗಾಡಿಯ ಹಾರ್ನ್ ಕೇಳುತ್ತಿತ್ತು. ಅವನು ಅತ್ತ. ಆಮೇಲೆ ಮೂಗು ಒರೆಸಿಕೊಂಡು ನಿಧಾನವಾಗಿ ಮಾತಾಡಿದ.

“ದೇವ್ರಽ ನಿಮ್ಮನ್ನ ಇವತ್ತ ಅಲ್ಲಿಗೆ ಕಳಸ್ಯಾನ ಕಾಕಿ. ನೀವು ಮನೀಗೆ ಹೋಗಿರಲಿಲ್ಲಂದ್ರ ಆಕಿನ್ನ ಯಾರು ದವಾಖಾನಿಗೆ ಒಯ್ತಿದ್ರು? ಆಕಿನೂ ಹೋಗ್ತಿದ್ಲು. ಕಾಕಾಗ ಕೊಡ್ರಿ, ಅವರ ಕಾಲಿಗೆ ಬಿದ್ದೆ ಅಂತ ನಾನಽ ಹೇಳ್ತೇನಿ.”

ನಾನು ಫೋನ್ ಚಾಚಿದೆ. ನಮ್ಮವರು ತೆಗೆದುಕೊಳ್ಳಲಿಲ್ಲ.