ಕಪ್ಪು ಗೆರೆ ಕಾಣದ ದಿನ

ನಾನು ಹುಟ್ಟಾ ಹೆದರುಪುಕ್ಕಲಿ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತೇನೆ. ಮಗಳು ಬರುವುದು ಸ್ವಲ್ಪ ತಡವಾದರೆ ಸಾಕು, ಕೂತಲ್ಲೇ ಊರಿನ ಆಸ್ಪತ್ರೆಗಳನ್ನೆಲ್ಲ ಸುತ್ತಿ ಬರುತ್ತೇನೆ. ಹೊಲಿಗೆ ಯಂತ್ರದ ಮುಂದೆ ಕೂತಾಗ ಮಾತ್ರ ಕೈ ನಡುಗುವುದಿಲ್ಲ. ನನ್ನ ತಂಗಿ ಇದಕ್ಕೆ ತದ್ವಿರುದ್ಧ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಅಂದರೆ ಹೊಸಬರು ನಂಬುವುದಿಲ್ಲ.

ನಮ್ಮ ಬೀದಿಯ ಕೊನೆಗೆ ಪುರಸಭೆಯ ಹಳೇ ಈಜುಕೊಳವಿದೆ. ತಂಗಿ ಅಲ್ಲಿ ಬಡಾವಣೆಯ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಾಳೆ. ಅವರ ಬಾಯಲ್ಲಿ ಅವಳು ಕೋಚಕ್ಕ. ಈಜು ಬರೀ ನೆಪ ಎಂದು ಅವಳೇ ಹೇಳುತ್ತಾಳೆ. ಅಸಲಿ ಪಾಠ ಇರುವುದು ಕೆಂಪು ದಾರ ಕಟ್ಟಿದ ಒಂದು ಸೀಟಿಯಲ್ಲಿ. ದಿನಕ್ಕೊಬ್ಬ ಹುಡುಗಿಯ ಕೊರಳಿಗೆ ಅದು ಸರದಿಯ ಪ್ರಕಾರ ಬೀಳುತ್ತದೆ. ಆ ದಿನ ಕೊಳದ ಮಟ್ಟಿಗೆ ಅವಳ ಮಾತೇ ಕೊನೆಯ ಮಾತು, ಕೋಚಕ್ಕನೂ ಕೇಳಬೇಕು. ಸೀಟಿ ಊದಿದರೆ ಎಲ್ಲರೂ ನೀರಿನಿಂದ ಮೇಲೆ ಬಂದು ತಮ್ಮ ತಮ್ಮ ಜೋಡಿಯ ಕೈ ಹಿಡಿದು ನಿಲ್ಲಬೇಕು. ನಿಯಮ ಮುರಿದವರು, ಸೀಟಿಯವಳನ್ನು ಪುಸಲಾಯಿಸಿದವರು, ಗೋಡೆ ಪಕ್ಕದ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು, ಸಂಜೆ ಸೀಟಿ ಇನ್ನೊಬ್ಬಳ ಕೊರಳಿಗೆ ಹೋಗುವವರೆಗೆ. ಕೋಚಕ್ಕನನ್ನು ಬೆಂಚಿಗೆ ಕಳಿಸುವ ಎದೆಗಾರಿಕೆ ಮಾತ್ರ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ ಕಪ್ಪು ಗೆರೆಯದು. ಕೊಳದ ತಳದಲ್ಲಿ ಉದ್ದಕ್ಕೂ ಕಪ್ಪು ಟೈಲಿನ ಗೆರೆಯಿದೆ. ದಡದಲ್ಲಿ ನಿಂತಾಗ ಅದು ಕಾಣದಿದ್ದರೆ ಯಾರೂ ನೀರಿಗಿಳಿಯಕೂಡದು. ಗೆರೆ ಕಾಣದ ನೀರಿನಲ್ಲಿ ಮಗುವೂ ಕಾಣುವುದಿಲ್ಲ, ಅಷ್ಟೇ.

ನನ್ನ ಮಗಳನ್ನು ಅಲ್ಲಿ ಇಲಿಮರಿ ಎನ್ನುತ್ತಾರೆ. ತಪ್ಪೇನಿಲ್ಲ, ಅವಳ ದನಿ ಪಕ್ಕದಲ್ಲಿ ಕೂತವರಿಗೇ ಕೇಳಿಸುವುದಿಲ್ಲ. ನನ್ನ ಪುಕ್ಕಲುತನ ಅವಳಿಗೆ ಬಳುವಳಿಯಾಗಿ ಬಂದಿದೆ. ಅದನ್ನು ಬಿಡಿಸುತ್ತೇನೆಂದು ತಂಗಿಯೇ ಹಟ ಹಿಡಿದು ಕರೆದುಕೊಂಡು ಹೋಗಿದ್ದಳು.

ಈ ನಡುವೆ ಪುರಸಭೆಯವರಿಗೆ ಕೊಳ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುವ ಹುಚ್ಚು ಹತ್ತಿತು. ಗೇಟಿನಿಂದ ಒಳಗಿನವರೆಗೆ ಸುಣ್ಣದ ಗುರುತೂ ಬಿತ್ತು. ತಂಗಿ ಆ ಗುರುತನ್ನು ತುಳಿಯದೆ ದಾಟಿಕೊಂಡು ಓಡಾಡುತ್ತಿದ್ದಳು. ಅಷ್ಟರಲ್ಲಿ ಒಂದು ಪ್ರಶಸ್ತಿಯ ಸುದ್ದಿ ಬಂತು: ಸಚ್ಚಾರಿತ್ರ್ಯ ಹಾಗೂ ನೈತಿಕ ನಾಯಕತ್ವ ಬೆಳೆಸುವ ಅತ್ಯುತ್ತಮ ಸಮುದಾಯ ಕಾರ್ಯಕ್ರಮ. ಅಷ್ಟುದ್ದದ ಹೆಸರನ್ನು ಒಂದೇ ಉಸಿರಿಗೆ ಹೇಳುವವರಿಗೆ ಮೊದಲು ಒಂದು ಪ್ರಶಸ್ತಿ ಕೊಡಬೇಕು ಎಂದು ನಾನು ನಕ್ಕೆ. ತಂಗಿ ನಗಲಿಲ್ಲ. ಅದು ಬಂದರೆ ಕೊಳಕ್ಕೆ ಕೈ ಹಾಕಲು ಪುರಸಭೆಯವರಿಗೆ ಮುಖ ಇರುವುದಿಲ್ಲ, ಬರದಿದ್ದರೆ ಮಣ್ಣಿನ ಲಾರಿ ಬರುತ್ತದೆ ಎಂದಳು.

ತಂಗಿ ಅರ್ಜಿ ಹಾಕಿದಳು. ಪ್ರಶಸ್ತಿಯ ಆಯ್ಕೆಯವರು ಕೊಳ ನೋಡಲು ಬರುವ ದಿನ ಸೀಟಿಯ ಸರದಿ ನನ್ನ ಮಗಳದು. ಇದು ತಿಳಿದಾಗಿನಿಂದ ನನಗೆ ಅನ್ನ ಇಳಿಯಲಿಲ್ಲ. ಬೇರೆ ಯಾರಿಗಾದರೂ ಕೊಡು, ಅವಳು ಹೆದರಿ ಏನಾದರೂ ಎಡವಟ್ಟು ಮಾಡಿದರೆ ನಿನ್ನ ಕೊಳವೇ ಹೋಗುತ್ತದೆ ಎಂದು ತಂಗಿಯ ಬೆನ್ನು ಬಿದ್ದೆ.

"ಸರದಿ ಅಂದ್ರೆ ಸರದಿ ಅಕ್ಕಾ. ಅವರು ನೋಡೋಕೆ ಬರ್ತಿರೋದೇ ಅದನ್ನ" ಎಂದಳು.

ಹಿಂದಿನ ದಿನ ನೀರು ಸೋಸುವ ಮೋಟಾರು ಕೈಕೊಟ್ಟಿತು. ರಿಪೇರಿಯವನು ಬಂದೆ ಬಂದೆ ಎನ್ನುತ್ತಲೇ ಬರಲಿಲ್ಲ. ಬೆಳಗ್ಗೆ ನೀರಿನ ಮೇಲೆ ತೆಳ್ಳಗೆ ಜಿಡ್ಡು ಕಂಡು ತಂಗಿಗೆ ಗಾಬರಿಯಾಗಿದೆ. ಬಂದವರ ಕಣ್ಣಿಗೆ ನೀರು ಥಳಥಳ ಹೊಳೆಯಲಿ ಎಂದು ಬ್ಲೀಚಿಂಗ್ ಪುಡಿಯನ್ನು ಅಳತೆ ಮೀರಿ ಸುರಿದಿದ್ದಾಳೆ. ಮೋಟಾರು ಓಡದ ನೀರಿಗೆ ಅಷ್ಟು ಪುಡಿ ಬಿದ್ದರೆ ಅದು ಕರಗದೆ ತಳಕ್ಕೆ ಕೂರುತ್ತದೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಆವತ್ತು ಅವಳ ತಲೆಯ ತುಂಬ ಮಣ್ಣಿನ ಲಾರಿ.

ಮಧ್ಯಾಹ್ನ ಮೂವರು ಬಂದರು. ಮುಖ್ಯರಾದವರು ನಿವೃತ್ತ ನ್ಯಾಯಾಧೀಶರು, ಇಸ್ತ್ರಿಯ ಗೆರೆ ಮುರಿಯದ ತಿಳಿ ಬಣ್ಣದ ಪ್ಯಾಂಟು. ಉಳಿದಿಬ್ಬರ ಕಣ್ಣು ಗಡಿಯಾರದ ಮೇಲೆ. ಹುಡುಗಿಯೊಬ್ಬಳ ಈಜುಡುಗೆಯ ಕಿತ್ತುಹೋದ ಭುಜಪಟ್ಟಿ ಹೊಲಿಯಲು ಬಂದಿದ್ದ ನಾನು ಸೂಜಿ ಹಿಡಿದು ಅವರ ಕುರ್ಚಿಗಳ ಹಿಂದೆಯೇ ನಿಂತಿದ್ದೆ. ಅವರಿಗೆ ತೋರಿಸಲು ಈಜುಸ್ಪರ್ಧೆ ಇಟ್ಟಿದ್ದರು. ಅದಕ್ಕೆ ಮೊದಲು ಪುಟಾಣಿಗಳು ನೀರಿಗಿಳಿದು ಕಾಲು ಬಡಿಯತೊಡಗಿದರು. ತಳಕ್ಕೆ ಕೂತಿದ್ದ ಪುಡಿ ಎದ್ದಿತು. ನೋಡನೋಡುತ್ತಲೇ ನೀರು ಹಾಲು ಬೆರೆಸಿದಂತಾಯಿತು. ಕಪ್ಪು ಗೆರೆ ಆಳದ ಕಡೆಯಿಂದ ಮಸುಕಾಗುತ್ತಾ ಬಂತು.

ಎದುರು ದಡದಲ್ಲಿ ನನ್ನ ಮಗಳು ಬಗ್ಗಿ ನೋಡಿದಳು. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಚಿಕ್ಕಮ್ಮನ ಮುಖ ನೋಡಿದಳು. ತಂಗಿ ತುಟಿ ಕಚ್ಚಿ, ಬೇಡ ಎಂಬಂತೆ ತಲೆಯಾಡಿಸಿದಳು. ಹತ್ತಿರ ಹೋಗಿ ಮೆಲ್ಲಗೆ ಹೇಳಿದ್ದನ್ನು ಮಗಳು ಆಮೇಲೆ ನನಗೆ ತಿಳಿಸಿದಳು.

"ಇವತ್ತೊಂದಿನ, ಪುಟ್ಟಾ. ಐದೇ ನಿಮಿಷ."

ಯಾಕೆ ತಡ ಎಂದು ನ್ಯಾಯಾಧೀಶರು ಕೇಳಿದರು. ನೀರು ಸ್ವಲ್ಪ ಮಂಜಾಗಿದೆ ಎಂದು ಯಾರೋ ಅಂದಾಗ, ಪರವಾಗಿಲ್ಲ, ಸ್ಪರ್ಧೆ ಶುರು ಮಾಡಿಸಿ, ನಾವು ಇನ್ನೊಂದು ಕಡೆ ಹೋಗಬೇಕು ಎಂದರು. ಮಗಳ ಕಣ್ಣು ಈಗ ನನ್ನನ್ನು ಹುಡುಕಿತು. ಸುಣ್ಣದ ಗುರುತು, ಲಾರಿ, ತಂಗಿಯ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನಾನು ತುಟಿಯ ಮೇಲೆ ಬೆರಳಿಟ್ಟೆ.

ಮಗಳು ಇನ್ನೊಮ್ಮೆ ಬಗ್ಗಿ ನೀರು ನೋಡಿದಳು. ಅವಳು ಕಣ್ಣು ಮುಚ್ಚಿ ಸೀಟಿ ಊದಿದಳು.

ಆ ಇಲಿಮರಿಯ ಎದೆಯಲ್ಲಿ ಅಷ್ಟು ಗಾಳಿ ಎಲ್ಲಿತ್ತೋ. ಪುಟಾಣಿಗಳು ತಡಬಡಿಸಿ ಮೇಲೆ ಬಂದರು, ಒಬ್ಬರ ಕೈ ಒಬ್ಬರು ಹಿಡಿದರು. ಸಾಲಿನ ಕೊನೆಯಲ್ಲಿ ಗುಂಡಮ್ಮ ಎಂದು ಕರೆಸಿಕೊಳ್ಳುವ ಪೋರಿಯೊಬ್ಬಳು ಬರಿಗೈ ಚಾಚಿಕೊಂಡು ನಿಂತಿದ್ದಳು. ಆ ಕೈ ಹಿಡಿಯಲು ಯಾರೂ ಇರಲಿಲ್ಲ.

"ನಿನ್ನ ಜೋಡಿ ಎಲ್ಲಿ?" ಎಂದಳು ನನ್ನ ಮಗಳು.

ಪೋರಿ ನೀರಿನ ಕಡೆ ನೋಡಿದಳು. ಗೊತ್ತಿಲ್ಲ ಎಂದಳು.

ತಂಗಿ ಹಾಕಿದ ಬಟ್ಟೆಯಲ್ಲೇ ಹಾರಿದಳು. ದೊಡ್ಡ ಹುಡುಗಿಯರು ಯಾರೂ ಹೇಳದೆಯೇ ಕೈಗೆ ಕೈ ಕೊಟ್ಟು ಸರಪಣಿಯಾಗಿ, ಕಾಲಿನಿಂದ ತಳ ತಡವುತ್ತಾ ಆಳವಿಲ್ಲದ ಕಡೆಯಿಂದ ಮುಂದೆ ಬಂದರು. ತಂಗಿ ಮುಳುಗುವಳು, ಏಳುವಳು, ಬರಿಗೈ. ಮತ್ತೆ ಮುಳುಗುವಳು, ಮತ್ತೆ ಬರಿಗೈ. ಬಿಳೀ ನೀರಿನೊಳಗೆ ಅವಳೇ ಎಲ್ಲಿದ್ದಾಳೆಂದು ತಿಳಿಯುತ್ತಿರಲಿಲ್ಲ. ಸೂಜಿ ನನ್ನ ಹೆಬ್ಬೆರಳಿಗೆ ಚುಚ್ಚಿಕೊಂಡು ರಕ್ತ ಬರುತ್ತಿದ್ದುದು ನನಗೆ ಆಮೇಲೆ ಗೊತ್ತಾಯಿತು. ತುಟಿಯ ಮೇಲಿಟ್ಟಿದ್ದ ಬೆರಳನ್ನೇ ಕಿತ್ತು ಎಸೆಯಬೇಕೆನಿಸಿತು.

ಆಗ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಕಿರ್ರೆಂದಿತು. ಕಳೆದುಹೋಗಿದ್ದ ಜೋಡಿ ಟೋಪಿ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದಳು. ಎಲ್ಲರೂ ತನ್ನನ್ನೇ ನೋಡುವುದು ಕಂಡು, ಒಂದಕ್ಕೆ ಹೋಗಿದ್ದೆ ಎಂದಳು.

ನನ್ನ ಮಗಳು ಅವಳ ಕೈ ಎಳೆದು ಗುಂಡಮ್ಮನ ಕೈಯಲ್ಲಿಟ್ಟಳು. ಸರಪಣಿಯ ಹುಡುಗಿಯರಲ್ಲಿ ಒಬ್ಬಳು ಜೋರಾಗಿ ಅತ್ತಳು. ತಂಗಿ ಮೇಲೆ ಬಂದು ಕಟ್ಟೆ ಹಿಡಿದು ಕೆಮ್ಮಿದಳು, ಪುಡಿಗೆ ಕಣ್ಣು ಕೆಂಪಾಗಿತ್ತು. ಆಯ್ಕೆಯವರಲ್ಲಿ ಒಬ್ಬರು, ಸದ್ಯ ಏನೂ ಆಗಲಿಲ್ಲವಲ್ಲ ಎಂದರು.

"ಆಗಿದ್ರೂ ಗೊತ್ತಾಗ್ತಿರಲಿಲ್ಲ ಸಾರ್. ಒಳಗೆ ನನ್ನ ಕೈ ನನಗೇ ಕಾಣ್ತಿರಲಿಲ್ಲ" ಎಂದಳು ತಂಗಿ.

ಗಡಿಯಾರ ನೋಡುತ್ತಿದ್ದ ಆ ಇಬ್ಬರೂ ಬ್ಯಾಗು ಎತ್ತಿಕೊಂಡರು. ಈಜೇ ನೋಡದೆ ಅಂಕ ಹೇಗೆ ಕೊಡುವುದು, ದಿನಾಂಕ ಬದಲಿಸಲು ಬರುವುದಿಲ್ಲ ಎಂದು ಗೊಣಗುತ್ತಾ ಗೇಟಿನ ಕಡೆ ನಡೆದರು. ಮುಗಿಯಿತು, ಕೊಳ ಹೋಯಿತು ಎಂದುಕೊಂಡೆ. ತಂಗಿಯ ಮುಖ ನೋಡಲು ಧೈರ್ಯ ಸಾಲಲಿಲ್ಲ.

ಅದೇ ಹೊತ್ತಿಗೆ ನನ್ನ ಮಗಳು ಚಿಕ್ಕಮ್ಮನ ಮುಂದೆ ಹೋಗಿ ನಿಂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮನೆಯಲ್ಲಿ ನೀನು ತಾನು ಎನ್ನುವವಳು ಆವತ್ತು ಹಾಗೆ ಅನ್ನಲಿಲ್ಲ.

"ಕೋಚಕ್ಕ, ನೀವು ಬೆಂಚಿಗೆ ಹೋಗಿ."

ತಂಗಿ ಅವಳನ್ನೇ ನೋಡಿದಳು. ಒಂದು ಕ್ಷಣ ಅವಳು ಕೈಯೆತ್ತಿ ಬಾರಿಸುತ್ತಾಳೋ ಏನೋ ಎಂದು ನಾನು ಹೆದರಿದೆ. ಅವಳು ತಲೆಬಗ್ಗಿಸಿ, ನೀರು ಸೋರಿಸಿಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತಳು.

ನ್ಯಾಯಾಧೀಶರು ಮಾತ್ರ ಇನ್ನೂ ಹೋಗಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, ಶುರು ಮಾಡಿಸಿ ಅಂದವನು ನಾನೇ ತಾನೇ, ನಾನೆಲ್ಲಿ ಕೂರಬೇಕು ಎಂದು ಕೇಳಿದರು. ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ಮಗಳಿಗೂ ತಿಳಿದಿರಲಾರದು. ಅವಳು ಬೆರಳು ಮಾಡಿ ಬೆಂಚು ತೋರಿಸಿದಳು. ಅವರು ಆ ಒದ್ದೆ ಹಲಗೆಯ ಮೇಲೆ ತಿಳಿ ಬಣ್ಣದ ಪ್ಯಾಂಟಿನಲ್ಲಿ ಕೂತೇಬಿಟ್ಟರು.

ನಾನು ಮೆಲ್ಲಗೆ ಕುರ್ಚಿಯ ಹಿಂದೆ ಸರಿದೆ. ಅಷ್ಟರಲ್ಲಿ ಮಗಳು ನನ್ನ ಕಡೆ ತಿರುಗಿದಳು. ನಾನು ತುಟಿಯ ಮೇಲಿಟ್ಟಿದ್ದ ಬೆರಳನ್ನು ಅವಳು ಮರೆತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಅವಳಿಗಾಗಿ ಹೆದರಿದವಳು, ಆವತ್ತು ಮೊದಲ ಸಲ ಅವಳಿಗೆ ಹೆದರಿದೆ. ಹೋಗಿ ನ್ಯಾಯಾಧೀಶರ ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಇವರಿಗೇ ಕೊಡಬೇಕು ಅಂತ ನಾನು ಹೇಳ್ತೀನಮ್ಮ. ಅವರಿಬ್ಬರು ಒಪ್ತಾರೋ ಇಲ್ವೋ ಹೇಳಕ್ಕಾಗಲ್ಲ."

"ಬೆಂಚಲ್ಲಿ ಮಾತಾಡಬಾರದು" ಎಂದಳು ನನ್ನ ಮಗಳು.

ಅವರು ತಕ್ಷಣ ಬಾಯಿ ಮುಚ್ಚಿದರು. ತಂಗಿ ಸೊರ್ರೆಂದು ಮೂಗು ಎಳೆದುಕೊಂಡಳು. ಅತ್ತಳೋ ನಕ್ಕಳೋ, ಮಗಳ ಮುಂದೆ ತಿರುಗಿ ನೋಡುವ ಹಾಗಿರಲಿಲ್ಲ. ಗೇಟಿನ ಬಳಿ ಸುಣ್ಣದ ಗುರುತು ಇದ್ದಲ್ಲೇ ಇತ್ತು. ಬಿಸಿಲು ಇಳಿಯುತ್ತಿತ್ತು, ಆದರೂ ನೀರಿನ ತಳ ಕಾಣುತ್ತಿರಲಿಲ್ಲ. ಮಕ್ಕಳೆಲ್ಲ ನನ್ನ ಕಣ್ಣೆದುರೇ ಕೈ ಕೈ ಹಿಡಿದು ನಿಂತಿದ್ದರು. ನಾನು ಒಂದು ತುದಿಯಿಂದ ಜೋಡಿಗಳನ್ನು ಎಣಿಸುತ್ತಾ ಹೋದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸಿದೆ.